ಹಳೇ 32 ಬಿಟ್ ಐಪಿಟೇಬಲ್ಸ್, ಹೊಸ 64 ಬಿಟ್ ಕರ್ನಲ್: ಎರಡನ್ನೂ ಜಗಳ ಇಲ್ದೆ ಓಡ್ಸೋದು ಹೆಂಗೆ

ದಾವಣಗೆರೆಲಿ ನಮ್ಮ ಭಾವಂದು ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಇದೆ. ಅಲ್ಲಿ ಟೇಬಲ್ ಕೆಳಗೆ ಒಂದು ಹಳೇ ಸಿಪಿಯು, ಆಯುಧಪೂಜೆಗೆ ಹಚ್ಚಿದ ಕುಂಕುಮ ವರ್ಷಪೂರ್ತಿ ಅದರ ಮೇಲೇ ಇರತ್ತೆ, ಅದೇ ಇಡೀ ಅಂಗಡಿಗೆ ಗೇಟ್‌ವೇ. ಎರಡು ಲ್ಯಾನ್ ಕಾರ್ಡು, ಒಂದಕ್ಕೆ ಫೈಬರ್, ಇನ್ನೊಂದಕ್ಕೆ ಸ್ವಿಚ್, ಮಧ್ಯದಲ್ಲಿ ಐಪಿಟೇಬಲ್ಸ್, ಅಂದ್ರೆ ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನ ತಡೀಬೇಕು ಅಂತ ರೂಲ್ ಹಾಕೋ ಲಿನಕ್ಸ್ ಫೈರ್‌ವಾಲ್ ಟೂಲು. ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿದ್ದು ನಾನೇ, ಇರೋದೇ 2 ಜಿಬಿ ರ‍್ಯಾಮ್, 32 ಬಿಟ್ ಸಾಕು ಬಿಡು ಅಂತ ಅದರ 32 ಬಿಟ್ ಆವೃತ್ತಿ ಐ386 ಹಾಕಿದ್ದೆ, ಅದು ಅಪ್‌ಗ್ರೇಡ್ ಮೇಲೆ ಅಪ್‌ಗ್ರೇಡ್ ಆಗ್ತಾ ಡೆಬಿಯನ್ 12ರ ತನಕ ಬಂದ್ಬಿಡ್ತು. 2025ರ ಆಗಸ್ಟಲ್ಲಿ ಡೆಬಿಯನ್ 13 ಬಂತಲ್ಲ, ಅದರಲ್ಲಿ ಐ386ಗೆ ಕರ್ನಲ್ಲೂ (ಹಾರ್ಡ್‌ವೇರ್ ನಡೆಸೋ ಸಿಸ್ಟಂನ ತಿರುಳು) ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. 32 ಬಿಟ್ ಪ್ಯಾಕೇಜುಗಳು ಇವೆ, ಆದ್ರೆ ಅವು 64 ಬಿಟ್ ಕರ್ನಲ್ ಮೇಲೆ ಓಡ್ಲಿ ಅಂತ ಇರೋವು.

ಪ್ರೊಸೆಸರ್ 64 ಬಿಟ್ಟೇ ಇತ್ತು, ಹಂಗಾಗಿ ಕರ್ನಲ್ ಒಂದನ್ನ ಬದಲಾಯಿಸಿದ್ರೆ ಮುಗೀತು ಅನ್ಕೊಂಡೆ. ಬುದ್ಧಿವಂತಿಕೆ ಮಾಡೋಕೆ ಹೋಗಿ ಕರ್ನಲ್ಲನ್ನ ಮನೇಲಿ ಲ್ಯಾಪ್‌ಟಾಪಲ್ಲಿ ನಾನೇ ಕಂಪೈಲ್ ಮಾಡಿದೆ. ಮೆನುಕಾನ್ಫಿಗ್‌ನಲ್ಲಿ ನೆಟ್‌ಫಿಲ್ಟರ್ ಎಕ್ಸ್‌ಟೇಬಲ್ಸ್ 32 ಬಿಟ್ ಸಪೋರ್ಟ್ ಅಂತ ಒಂದು ಆಪ್ಷನ್ ಬರತ್ತೆ, ಅದರ ಹೆಲ್ಪ್ ತೆಗೆದು ಓದಿದ್ರೆ ಕೊನೇಲಿ "ಡೌಟ್ ಇದ್ರೆ ಎನ್ ಅನ್ನಿ" ಅಂತಿದೆ. ನಂಗೆ ಡೌಟ್ ಇತ್ತು, ಎನ್ ಅಂದೆ. ರಾತ್ರಿ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗೋ ದಾರಿ) ರೀಬೂಟ್ ಕೊಟ್ಟು, ಮತ್ತೆ ಲಾಗಿನ್ ಆಯ್ತು, ಆರಾಮಾಗಿ ಮಲಗಿದೆ. ಬೆಳಗ್ಗೆ ಹತ್ತಕ್ಕೆ ಭಾವನ ಫೋನು: "ಏನಪ್ಪಾ, ನೆಟ್ಟೇ ಬರ್ತಿಲ್ಲಲ್ಲೋ, ಫೈಲ್ ಡೌನ್‌ಲೋಡ್ ಆಗ್ತಿಲ್ಲ, ಇಲ್ಲಿ ಗಿರಾಕಿ ಕುಂತಾರೆ."

ನೆಟ್ ಹೋಗಿದ್ದು ಪುಣ್ಯ ಅನ್ಬೇಕು. ಒಂದೇ ಒಂದು ರೂಲೂ ಲೋಡ್ ಆಗಿರ್ಲಿಲ್ಲ, ಒಂದೇ ಕನೆಕ್ಷನ್ನನ್ನ ಎಲ್ಲಾ ಕಂಪ್ಯೂಟರಿಗೂ ಹಂಚೋ ನ್ಯಾಟ್ ಇಲ್ದೆ ಇದ್ದಿದ್ದಕ್ಕೆ ಅಂಗಡಿಗೆ ನೆಟ್ ಬಂದಿಲ್ಲ ಅಷ್ಟೇ, ಆದ್ರೆ ಇನ್‌ಪುಟ್ ಪಾಲಿಸಿ ಆಕ್ಸೆಪ್ಟಲ್ಲೇ ಉಳ್ಕೊಂಡು ಆ ಡಬ್ಬಿ ರಾತ್ರಿಯೆಲ್ಲಾ ಬಾಗಿಲು ತೆಗೆದಿಟ್ಟ ಮನೆ ಥರ ಇತ್ತು. ನಾನು ಎಸ್‌ಎಸ್‌ಎಚ್‌ನಲ್ಲಿ ಸುಲಭವಾಗಿ ಒಳಗೆ ಹೋದೆ ಅಂತ ಖುಷಿಪಟ್ನಲ್ಲ, ಊರವರೆಲ್ಲಾ ಹಂಗೇ ಹೋಗಬಹುದಿತ್ತು.

ಅವತ್ತು ಗೊತ್ತಾಗಿದ್ದು, ಆಮೇಲೆ ಸರಿ ಮಾಡಿದ್ದು, ಎಲ್ಲಾ ಇಲ್ಲಿದೆ. ಇಡೀ ಸಿಸ್ಟಂ ಫಾರ್ಮ್ಯಾಟ್ ಮಾಡೋದು ಬೇಡ. 32 ಬಿಟ್ ಸಾಮಾನೆಲ್ಲಾ ಹಂಗೇ ಇರ್ಲಿ, ಕರ್ನಲ್ ಜೊತೆ ನೇರವಾಗಿ ಮಾತಾಡೋ ಟೂಲು ಮಾತ್ರ ಕರ್ನಲ್‌ಗೆ ಅರ್ಥ ಆಗೋ ಹಂಗೆ ಮಾತಾಡಬೇಕು, ಅಷ್ಟು ಸಾಕು. (ಕಮಾಂಡುಗಳನ್ನ ನಾವು ಬಾಯಲ್ಲಿ ಹೇಳೋ ಹಂಗೇ ಕನ್ನಡದಲ್ಲಿ ಬರೆದಿದ್ದೀನಿ, ಟರ್ಮಿನಲ್ಲಲ್ಲಿ ಮಾಮೂಲಿ ಇಂಗ್ಲಿಷಲ್ಲೇ ಹೊಡೀರಿ.)

ಮೊದಲು ವಾಪಸ್ ಬರೋ ದಾರಿ ಇಟ್ಕೊಳ್ಳಿ

ಹಳೇ ಕರ್ನಲ್ ತೆಗೀಬೇಡಿ. ಆಪ್ಟ್ ಆಟೋರಿಮೂವ್ ಅಂತೂ ಈ ಕೆಲಸ ಮುಗಿಯೋ ತನಕ ಮುಟ್ಲೇಬೇಡಿ. ಹಳೇ ಕರ್ನಲ್ಲಲ್ಲಿ ಇರೋವಾಗ್ಲೇ ಐಪಿಟೇಬಲ್ಸ್-ಸೇವ್ ಡ್ಯಾಶ್ ಸಿ ಓಡ್ಸಿ ಔಟ್‌ಪುಟ್‌ನ ಒಂದು ಫೈಲಿಗೆ ಹಾಕ್ಕೊಳ್ಳಿ, ಐಪಿ6ಟೇಬಲ್ಸ್‌ದೂ ಹಂಗೇ ಮಾಡಿ, ಎರಡನ್ನೂ ಆ ಮೆಷಿನ್‌ನಿಂದ ಹೊರಗೆ ಇನ್ನೊಂದು ಕಡೆಗೂ ಕಾಪಿ ಮಾಡಿ. ಕೌಂಟರ್ ಸಮೇತ ಸೇವ್ ಮಾಡೋದ್ಯಾಕೆ ಅಂದ್ರೆ ಯಾವ ರೂಲ್ ನಿಜವಾಗ್ಲೂ ಕೆಲಸ ಮಾಡ್ತಿತ್ತು, ಯಾವುದು ಎಂದೋ ಹಾಕಿ ಮರೆತಿದ್ದು ಅಂತ ಆಮೇಲೆ ಗೊತ್ತಾಗತ್ತೆ. ನಮ್ಮದರಲ್ಲಿ ಅರ್ಧಕ್ಕರ್ಧ ರೂಲು ಸೊನ್ನೆ ಪ್ಯಾಕೆಟ್ ತೋರಿಸ್ತಿದ್ವು!

ದೂರದಿಂದ ಮಾಡೋರು ಇದನ್ನ ಬಿಡಲೇಬೇಡಿ. ಬೂಟ್ ಆಗೋವಾಗ ಕರ್ನಲ್ ಆರಿಸೋ ಪ್ರೋಗ್ರಾಂ ಗ್ರಬ್, ಅದರ ಸೆಟ್ಟಿಂಗ್‌ನಲ್ಲಿ ಗ್ರಬ್ ಡೀಫಾಲ್ಟ್ ಅನ್ನೋದನ್ನ ಸೇವ್ಡ್ ಅಂತ ಇಟ್ಟು, ಅಪ್‌ಡೇಟ್-ಗ್ರಬ್ ಕೊಟ್ಟು, ಗ್ರಬ್-ಸೆಟ್-ಡೀಫಾಲ್ಟ್‌ನಲ್ಲಿ ಹಳೇ ಕರ್ನಲ್ಲನ್ನೇ ಇಟ್ಟು, ಗ್ರಬ್-ರೀಬೂಟ್ ಕಮಾಂಡಲ್ಲಿ ಹೊಸದನ್ನ ಆರಿಸಿ. ಹೊಸ ಕರ್ನಲ್ ಒಂದೇ ಒಂದು ಸಲ ಬೂಟ್ ಆಗತ್ತೆ. ಎಡವಟ್ಟಾದ್ರೆ ಅಲ್ಲಿರೋರಿಗೆ ಫೋನ್ ಮಾಡಿ "ಸ್ವಿಚ್ ಆಫ್ ಮಾಡಿ ಆನ್ ಮಾಡಿ" ಅಂದ್ರೆ ಸಾಕು, ಹಳೇದಕ್ಕೆ ಬಂದು ನಿಲ್ಲತ್ತೆ. ಭಾವನಿಗೆ ಗ್ರಬ್ ಮೆನು ಫೋನಲ್ಲಿ ವಿವರಿಸೋಕೆ ಹೋಗಿ ಅರ್ಧ ಗಂಟೆ ಕಳೆದೋನು ಹೇಳ್ತಿದ್ದೀನಿ, ಕೇಳಿ.

ಯಾರು ಎಷ್ಟು ಬಿಟ್ಟು ಅಂತ ನೋಡ್ಕೊಳ್ಳಿ

ಯುನೇಮ್ ಡ್ಯಾಶ್ ಎಂ ಕರ್ನಲ್ ಕಥೆ ಹೇಳತ್ತೆ, ಎಕ್ಸ್86 ಅಂಡರ್‌ಸ್ಕೋರ್ 64 ಅಂತ ಬಂದ್ರೆ ಕರ್ನಲ್ 64. ಡಿಪಿಕೆಜಿ ಡ್ಯಾಶ್ ಡ್ಯಾಶ್ ಪ್ರಿಂಟ್-ಆರ್ಕಿಟೆಕ್ಚರ್ ಕೊಟ್ಟಾಗ ಐ386 ಅಂದ್ರೆ ಮೇಲಿನ ಸಾಮಾನು 32. ಗೆಟ್‌ಕಾನ್ಫ್ ಲಾಂಗ್ ಬಿಟ್ ಅಂತ ಕೇಳಿದ್ರೂ 32 ಅಂತ ಬರತ್ತೆ. ಆಮೇಲೆ ಫೈಲ್ ಡ್ಯಾಶ್ ದೊಡ್ಡ ಎಲ್ ಕೊಟ್ಟು ಐಪಿಟೇಬಲ್ಸ್ ಬೈನರಿಯ ಪೂರ್ತಿ ಪಾತ್ ಹಾಕಿ, ಆ ಟೂಲು ಯಾವ ಜಾತಿ ಅಂತ ಸ್ಪಷ್ಟವಾಗತ್ತೆ. ಕರ್ನಲ್ ಇನ್ನೂ ಬದಲಾಯಿಸಿಲ್ಲ ಅಂದ್ರೆ ಎಲ್‌ಎಸ್‌ಸಿಪಿಯುನಲ್ಲಿ ಆಪ್-ಮೋಡ್ ಸಾಲು ನೋಡಿ, ಅಲ್ಲಿ 64 ಬಿಟ್ ಇಲ್ಲಾಂದ್ರೆ ಈ ಲೇಖನ ನಿಮಗಲ್ಲ, ಆ ಡಬ್ಬಿಗೆ ಕೈ ಮುಗಿದು ಬೇರೆ ತಗೊಳ್ಳಿ.

ಕೊನೇದಾಗಿ ಐಪಿಟೇಬಲ್ಸ್ ಡ್ಯಾಶ್ ದೊಡ್ಡ ವಿ. ವರ್ಷನ್ ನಂಬರ್ ಪಕ್ಕ ಬ್ರ್ಯಾಕೆಟಲ್ಲಿ ಲೆಗಸಿ ಅಂತಿದ್ಯಾ, ಎನ್‌ಎಫ್ ಟೇಬಲ್ಸ್ ಅಂತಿದ್ಯಾ ನೋಡಿ. 2018ರಲ್ಲಿ ಬಂದ 1.8.0ರಿಂದ ಐಪಿಟೇಬಲ್ಸ್ ಅನ್ನೋ ಒಂದೇ ಹೆಸರಿನ ಹಿಂದೆ ಎರಡು ಬೇರೆ ಪ್ರೋಗ್ರಾಂ ಇವೆ: ಲೆಗಸಿ ಅಂದ್ರೆ ಹಳೇದು, ಎನ್‌ಎಫ್ ಟೇಬಲ್ಸ್ ಅಂದ್ರೆ ಕರ್ನಲ್‌ನ ಹೊಸ ಫೈರ್‌ವಾಲ್ ದಾರಿ ಹಿಡಿಯೋದು. ಡೆಬಿಯನ್ 10ರಿಂದ ಡೀಫಾಲ್ಟ್ ಎನ್‌ಎಫ್ ಟೇಬಲ್ಸ್‌ದು, ಆದ್ರೆ ನನ್ನ ಥರ ಯಾವುದೋ ಹಳೇ ಸ್ಕ್ರಿಪ್ಟ್ ಕೈಕೊಟ್ಟಾಗ ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಲ್ಲಿ ಲೆಗಸಿಗೆ ತಿರುಗಿಸಿ ಮರೆತವರು ಬೇಕಾದಷ್ಟು ಜನ ಇರ್ತಾರೆ.

ತೊಂದ್ರೆ ಎಲ್ಲಿದೆ

ಅರ್ಜಿ ಫಾರ್ಮ್ ತುಂಬಿದ್ದೀರಲ್ಲ, ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಇರೋದು? ಲೆಗಸಿ ಐಪಿಟೇಬಲ್ಸ್ ಮಾಡೋದು ಅದೇ. ಇಡೀ ಟೇಬಲ್ಲನ್ನ, ಎಲ್ಲಾ ರೂಲು ಸೇರಿಸಿ, ಒಂದು ಉದ್ದನೆ ಬೈನರಿ ಗಂಟು ಕಟ್ಟಿ ಸೆಟ್‌ಸಾಕ್‌ಆಪ್ಟ್ ಅನ್ನೋ ಸಿಸ್ಟಂ ಕಾಲ್‌ನಲ್ಲಿ ಕರ್ನಲ್ ಕೈಗೆ ಕೊಡತ್ತೆ. ಇಷ್ಟನೇ ಚೌಕದಲ್ಲಿ ಇದೇ ಇರತ್ತೆ ಅಂತ ಎರಡೂ ಕಡೆ ಮೊದಲೇ ಮಾತಾಗಿರತ್ತೆ. ಆದ್ರೆ 32 ಬಿಟ್ ಕಂಪೈಲರ್ ಚೌಕ ಹಾಕೋದೇ ಬೇರೆ ಥರ, ಪಾಯಿಂಟರ್ ಅಲ್ಲಿ 4 ಬೈಟು, ಇಲ್ಲಿ 8 ಬೈಟು. ಬರೀ ಆಕ್ಸೆಪ್ಟ್ ಅನ್ನೋ ಸಾದಾ ಟಾರ್ಗೆಟ್ (ಪ್ಯಾಕೆಟ್ಟಿಗೆ ಏನು ಮಾಡಬೇಕು ಅಂತ ಹೇಳೋ ಭಾಗ) ತಗೊಳ್ಳಿ, 32 ಬಿಟ್ ಪಿಸಿಯಲ್ಲಿ ಅದು 36 ಬೈಟು, 64ರಲ್ಲಿ 40. ಲಿಮಿಟ್ ಮ್ಯಾಚ್‌ನ (ಇಷ್ಟು ಹೊತ್ತಿಗೆ ಇಷ್ಟೇ ಪ್ಯಾಕೆಟ್ ಅನ್ನೋ ಷರತ್ತು) ಸ್ಟ್ರಕ್ಚರ್ ನಾನು ಕೂತು ಎಣಿಸಿದೆ: 32ರಲ್ಲಿ ಏಳು ಫೀಲ್ಡು, ಒಂದೊಂದೂ 4 ಬೈಟು, ಒಟ್ಟು 28. 64ಕ್ಕೆ ಬಂದಾಗ ಒಂದು ಅನ್‌ಸೈನ್ಡ್ ಲಾಂಗ್ 8 ಆಗತ್ತೆ, ಕೊನೇ ಪಾಯಿಂಟರ್ 8 ಆಗತ್ತೆ, ಅದರ ಮುಂದೆ 4 ಬೈಟು ಖಾಲಿ ಜಾಗ ಸೇರ್ಕೊಳತ್ತೆ, ಒಟ್ಟು 40. ಇದರ ಹಿಂದೆ ಬರೋ ಎಲ್ಲಾ ರೂಲೂ ಸರಿದು ಹೋದಂಗೆ ಆಯ್ತಲ್ಲ, ಕರ್ನಲ್ "ಇನ್‌ವ್ಯಾಲಿಡ್ ಆರ್ಗ್ಯುಮೆಂಟ್" ಅನ್ನದೆ ಇನ್ನೇನು ಅನ್ನತ್ತೆ.

ಆಮೇಲೆ ಬಂದ ಮ್ಯಾಚ್‌ಗಳಲ್ಲಿ, ಹ್ಯಾಶ್‌ಲಿಮಿಟ್ ಇಂಥವುಗಳಲ್ಲಿ, ಪಾಯಿಂಟರ್‌ನ 8 ಬೈಟಿಗೆ ಅಲೈನ್ ಮಾಡಿ ಬರೆದಿದ್ದಾರೆ, ಎರಡೂ ಕಡೆ ಒಂದೇ ಅಳತೆ ಬರ್ಲಿ ಅಂತ. ಹಳೇವಕ್ಕೆ ಆ ಭಾಗ್ಯ ಇಲ್ಲ.

ಇದಕ್ಕೆ ಅಂತಾನೇ ಕರ್ನಲ್ ಒಳಗೆ ಒಂದು ಕಂಪ್ಯಾಟ್ ಲೇಯರ್ ಇದೆ, 32ರ ಫಾರ್ಮ್ ಬಂದ್ರೆ ಕೂತು 64ರ ಫಾರ್ಮಿಗೆ ನಕಲು ಮಾಡೋ ಗುಮಾಸ್ತ ಅನ್ಕೊಳ್ಳಿ. ಸಮಸ್ಯೆ ಏನಂದ್ರೆ ಈ ಗುಮಾಸ್ತನೇ ಒಂದ್ಸಲ ಭಾರೀ ಎಡವಟ್ಟು ಮಾಡಿದ್ದ. ನಕಲು ಮಾಡ್ತಾ ಖಾಲಿ ಜಾಗಕ್ಕೆ ಸೊನ್ನೆ ತುಂಬೋವಾಗ ಬಫರ್ ದಾಟಿ ಆಚೆಗೆ ಬರೀತಿದ್ದ, ಅಷ್ಟನ್ನೇ ಹಿಡ್ಕೊಂಡು ಸಾಮಾನ್ಯ ಯೂಸರ್ ರೂಟ್ ಆಗಬಹುದಿತ್ತು. 2006ರ 2.6.19 ಕರ್ನಲ್ ಕಾಲದಿಂದ ಇದ್ದ ಬಗ್ಗು, ಗೂಗಲ್‌ನ ಆಂಡಿ ನುಯೆನ್ 2021ರಲ್ಲಿ ಹೊರಗೆ ತಂದ್ರು, ಸಿವಿಇ-2021-22555 ಅಂತ ಅದರ ನಂಬರು. ಆ ವರ್ಷಾನೇ ಈ ಲೇಯರ್‌ನ ಬೇಡ ಅಂದೋರು ಆಫ್ ಮಾಡ್ಕೊಳ್ಳೋ ಆಪ್ಷನ್ ಕೂಡ ಕರ್ನಲ್‌ಗೆ ಸೇರ್ತು. ನಾನು ಎನ್ ಅಂದು ಲೇಯರ್ ಆಫ್ ಮಾಡ್ಕೊಂಡಿದ್ದು ಆ ಆಪ್ಷನ್‌ನಲ್ಲೇ.

ನಿಮ್ಮ ಕರ್ನಲ್ ಏನನ್ನತ್ತೆ ಕೇಳಿ

ಬೂಟ್ ಫೋಲ್ಡರಲ್ಲಿ ಕಾನ್ಫಿಗ್ ಡ್ಯಾಶ್ ಅಂತ ಶುರುವಾಗಿ ನಿಮ್ಮ ಕರ್ನಲ್ ಹೆಸರಿರೋ ಫೈಲ್ ಇರತ್ತೆ, ಅದರಲ್ಲಿ ಎಕ್ಸ್‌ಟೇಬಲ್ಸ್ ಅಂತ ಗ್ರೆಪ್ ಹೊಡೀರಿ. ಆ ಫೈಲ್ ಇಲ್ಲಾಂದ್ರೆ ಪ್ರಾಕ್ ಒಳಗೆ ಕಾನ್ಫಿಗ್ ಡಾಟ್ ಜಿಝಡ್ ಇರಬಹುದು, ಝಡ್‌ಕ್ಯಾಟ್‌ನಲ್ಲಿ ತೆಗೀರಿ. ಎರಡು ಸಾಲು ಮುಖ್ಯ. ಎಕ್ಸ್‌ಟೇಬಲ್ಸ್ ಕಂಪ್ಯಾಟ್ ವೈ ಇದ್ರೆ 32 ಬಿಟ್ ಲೆಗಸಿ ಟೂಲು ಹಂಗೇ ನಡಿಯತ್ತೆ, ನಾಟ್ ಸೆಟ್ ಅಂತಿದ್ರೆ ನಡಿಯಲ್ಲ. ಇನ್ನೊಂದು ಎಕ್ಸ್‌ಟೇಬಲ್ಸ್ ಲೆಗಸಿ, ಇದು 6.17 ಕರ್ನಲ್ಲಲ್ಲಿ ಬಂದಿದ್ದು, ಇದು ಆಫ್ ಇದ್ರೆ 32 ಬಿಟ್ ಬಿಡಿ, 64 ಬಿಟ್ ಐಪಿಟೇಬಲ್ಸ್-ಲೆಗಸಿ ಕೂಡ "ಟೇಬಲ್ ಡಸ್ ನಾಟ್ ಎಗ್ಸಿಸ್ಟ್" ಅಂತ ಕೈ ಎತ್ತತ್ತೆ. ಈ ಎರಡು ಎರರ್‌ನ ಒಂದೇ ಅನ್ಕೊಂಡು ತಲೆ ಕೆಡಿಸ್ಕೊಳ್ಳೋರು ಜಾಸ್ತಿ. ಟೇಬಲ್ಲೇ ಇಲ್ಲ ಅಂದ್ರೆ ಮಾಡ್ಯೂಲ್ ಇಲ್ಲ ಅಂತ, ಇನ್‌ವ್ಯಾಲಿಡ್ ಆರ್ಗ್ಯುಮೆಂಟ್ ಅಂದ್ರೆ ಸಾಮಾನ್ಯವಾಗಿ ಅಳತೆ ತಪ್ಪಿದೆ ಅಂತ. ಡಿಮೆಸೇಜ್ ನೋಡಿದ್ರೆ ಕೆಲವೊಮ್ಮೆ ಮ್ಯಾಚ್ ಹೆಸರಿನ ಜೊತೆ "ಇನ್‌ವ್ಯಾಲಿಡ್ ಸೈಜ್" ಅಂತ ಹೇಳಿ ಕರ್ನಲ್ ಲೆಕ್ಕ ಇಷ್ಟು, ಯೂಸರ್ ಲೆಕ್ಕ ಇಷ್ಟು ಅಂತ ಎರಡೂ ಸಂಖ್ಯೆ ಕೊಟ್ಟಿರತ್ತೆ, ಅದು ಸಿಕ್ಕಿದ್ರೆ ಅದೃಷ್ಟ.

ಕರ್ನಲ್ ಹಾಕೋದು

ನನ್ನ ಥರ ಕಂಪೈಲ್ ಮಾಡೋ ಹುಚ್ಚು ಬೇಡ, ಡಿಸ್ಟ್ರೋದೇ ತಗೊಳ್ಳಿ. ಡಿಪಿಕೆಜಿಗೆ ಆಡ್-ಆರ್ಕಿಟೆಕ್ಚರ್ ಎಎಂಡಿ64 ಅನ್ನಿ, ಆಪ್ಟ್ ಅಪ್‌ಡೇಟ್ ಮಾಡಿ, ಲಿನಕ್ಸ್-ಇಮೇಜ್-ಎಎಂಡಿ64 ಇನ್‌ಸ್ಟಾಲ್ ಮಾಡಿ, ಹೆಸರಿನ ಕೊನೇಲಿ ಕೋಲನ್ ಹಾಕಿ ಮತ್ತೊಮ್ಮೆ ಎಎಂಡಿ64 ಅಂತ ಬರೀಬೇಕು. ಡಿಕೆಎಂಎಸ್ ಮಾಡ್ಯೂಲ್ (ಕರ್ನಲ್ ಬದಲಾದಾಗೆಲ್ಲಾ ಮತ್ತೆ ಬಿಲ್ಡ್ ಆಗೋ ಹೊರಗಿನ ಡ್ರೈವರ್) ಇಟ್ಕೊಂಡಿರೋರಿಗೆ ಅದು ಹೊಸ ಕರ್ನಲ್‌ಗೆ ಬಿಲ್ಡ್ ಆಗೋವಾಗ ತೊಂದ್ರೆ ಬರಬಹುದು, ಗೇಟ್‌ವೇ ಡಬ್ಬಿಯಲ್ಲಿ ಅದ್ಯಾಕೆ ಬೇಕು ಅಂತ ನನ್ನ ಪ್ರಶ್ನೆ.

ಸುಲಭದ ದಾರಿ: ಆ ಟೂಲು ಒಂದನ್ನ ಮಾತ್ರ 64 ಮಾಡಿ

ಇದು ನಂಗೆ ಕೊನೇಲಿ ಹೊಳೆದಿದ್ದು, ಮೊದಲೇ ಹೊಳೆದಿದ್ರೆ ಒಂದು ಭಾನುವಾರ ಉಳೀತಿತ್ತು. ಎಎಂಡಿ64 ಆರ್ಕಿಟೆಕ್ಚರ್ ಹೆಂಗೂ ಸೇರಿಸಿದ್ದೀವಲ್ಲ, ಆಪ್ಟ್ ಇನ್‌ಸ್ಟಾಲ್ ಐಪಿಟೇಬಲ್ಸ್ ಕೋಲನ್ ಎಎಂಡಿ64 ಕೊಡಿ. 32 ಬಿಟ್ ಐಪಿಟೇಬಲ್ಸ್ ಹೋಗಿ ಅದೇ ಜಾಗಕ್ಕೆ 64ರದ್ದು ಬರತ್ತೆ, ಜೊತೆಗೆ ಅದಕ್ಕೆ ಬೇಕಾದ ಲಿಬ್‌ಸಿ, ಲಿಬ್‌ಎಕ್ಸ್‌ಟೇಬಲ್ಸ್ ಎಲ್ಲಾ 64ರವು ಪಕ್ಕದಲ್ಲಿ ಬಂದು ಕೂರ್ತವೆ. ಸ್ಕ್ರಿಪ್ಟು, ಬ್ಯಾಷ್, ಕ್ರಾನ್ ಎಲ್ಲಾ 32ರಲ್ಲೇ ಇರ್ಲಿ, ಅವಕ್ಕೇನೂ ಗೊತ್ತೇ ಆಗಲ್ಲ. ವೈ ಒತ್ತೋ ಮುಂಚೆ ಏನೇನು ತೆಗೀತೀನಿ ಅಂತ ಆಪ್ಟ್ ತೋರಿಸೋ ಪಟ್ಟಿ ಓದಿ, ಅದರಲ್ಲಿ ಐಪಿಟೇಬಲ್ಸ್ ಬಿಟ್ಟು ಬೇರೆ ಮುಖ್ಯವಾದ್ದು ಕಾಣಿಸಿದ್ರೆ ಅಲ್ಲೇ ನಿಲ್ಲಿಸಿ.

ಆದ್ರೆ ಇದು ಕೆಲಸ ಮಾಡದ ಒಂದು ಜಾಗ ಇದೆ, ಯಾರೋ ಹಿಂದೆ ಬರೆದುಕೊಟ್ಟ 32 ಬಿಟ್ ಪ್ರೋಗ್ರಾಂ ಒಳಗೇ ಲಿಬ್‌ಐಪಿಟಿಸಿ (ಐಪಿಟೇಬಲ್ಸ್‌ನ ಲೈಬ್ರರಿ) ಸೇರಿಸಿ ಬಿಲ್ಡ್ ಮಾಡಿರ್ತಾರೆ, ಅದು ಐಪಿಟೇಬಲ್ಸ್ ಕಮಾಂಡ್ ಕರೆಯೋದೇ ಇಲ್ಲ, ತಾನೇ ಗಂಟು ಕಟ್ಟಿ ಕರ್ನಲ್‌ಗೆ ಕೊಡತ್ತೆ. ಅಂಥದ್ದಿದ್ರೆ ಕಂಪ್ಯಾಟ್ ಲೇಯರ್ ಇರೋ ಕರ್ನಲ್ಲೇ ಗತಿ. ಆ ಮೆಷಿನ್ ಮೇಲೆ ಬೇರೆ ಯೂಸರ್ ಯಾರಿಗೂ ಶೆಲ್ ಕೊಡಬೇಡಿ, ಅನ್‌ಪ್ರಿವಿಲೇಜ್ಡ್ ಯೂಸರ್ ನೇಮ್‌ಸ್ಪೇಸ್ (ಸಾಮಾನ್ಯ ಯೂಸರ್‌ಗೂ ತನ್ನದೇ ಪುಟ್ಟ ಜಾಗದಲ್ಲಿ ರೂಟ್ ಆಗೋಕೆ ಬಿಡೋ ಸೌಲಭ್ಯ) ಮುಚ್ಚಿಡಿ.

ಸರಿಯಾದ ದಾರಿ: ಎನ್‌ಎಫ್‌ಟಿಗೆ ಹೋಗೋದು

ಎನ್‌ಎಫ್‌ಟೇಬಲ್ಸ್ (ಅದರ ಕಮಾಂಡೇ ಎನ್‌ಎಫ್‌ಟಿ) 2014ರ 3.13 ಕರ್ನಲ್‌ನಿಂದ ಇದೆ, ಹೊಸದೇನಲ್ಲ. ಇದು ಕರ್ನಲ್ ಜೊತೆ ಮಾತಾಡೋದು ನೆಟ್‌ಲಿಂಕ್‌ನಲ್ಲಿ. ಚೌಕದ ಫಾರ್ಮ್ ಅಲ್ಲ, ಒಂದೊಂದು ವಿಷಯಕ್ಕೂ ಒಂದೊಂದು ಚೀಟಿ, ಚೀಟಿ ಮೇಲೆ ಇದು ಏನು, ಎಷ್ಟು ಉದ್ದ ಅಂತ ಬರೆದೇ ಇರತ್ತೆ. ಹಂಗಾಗಿ 32 ಬಿಟ್ ಎನ್‌ಎಫ್‌ಟಿ ಕಮಾಂಡು 64 ಬಿಟ್ ಕರ್ನಲ್ ಮೇಲೆ ಗುಮಾಸ್ತನ ಹಂಗಿಲ್ದೆ ಓಡತ್ತೆ. ಐಪಿಸೆಟ್ ಕೂಡ ನೆಟ್‌ಲಿಂಕೇ, ಆದ್ರೆ ಹಳೇ ಇಬಿಟೇಬಲ್ಸ್, ಎಆರ್‌ಪಿಟೇಬಲ್ಸ್ ಗಂಟು ಕಟ್ಟೋ ಪಾರ್ಟಿಗಳೇ. (ನೆಟ್‌ಲಿಂಕ್ ಅಂದ ತಕ್ಷಣ ಎಲ್ಲಾ ಸರಿ ಅನ್ಕೋಬೇಡಿ, ಐಪಿಸೆಕ್‌ನ ಎಕ್ಸ್‌ಎಫ್‌ಆರ್‌ಎಂ ಚೀಟಿ ಒಳಗೆ ಮತ್ತೆ ಚೌಕದ ಫಾರ್ಮೇ ಇಟ್ಟು ಕಳಿಸತ್ತೆ, 32 ಬಿಟ್ ವಿಪಿಎನ್ ಓಡಿಸೋರು ಕಾನ್ಫಿಗ್‌ನಲ್ಲಿ ಎಕ್ಸ್‌ಎಫ್‌ಆರ್‌ಎಂ ಯೂಸರ್ ಕಂಪ್ಯಾಟ್ ಅನ್ನೋ ಸಾಲೂ ನೋಡ್ಕೊಳ್ಳಿ.)

ಇಲ್ಲಿ ಮಧ್ಯದ ನಿಲ್ದಾಣ ಒಂದಿದೆ, ಐಪಿಟೇಬಲ್ಸ್-ಎನ್‌ಎಫ್‌ಟಿ. ಕಮಾಂಡು ಹಳೇದೇ, ಒಳಗೆ ಹೊಸ ದಾರಿ. ಮೊದಲು ಐಪಿಟೇಬಲ್ಸ್-ಎನ್‌ಎಫ್‌ಟಿ-ರಿಸ್ಟೋರ್‌ಗೆ ಡ್ಯಾಶ್ ಡ್ಯಾಶ್ ಟೆಸ್ಟ್ ಹಾಕಿ ನಿಮ್ಮ ಸೇವ್ ಫೈಲ್ ಕೊಡಿ, ತಪ್ಪಿದ್ರೆ ಯಾವ ಸಾಲು ಅಂತ ಹೇಳತ್ತೆ. ಆಮೇಲೆ ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಲ್ಲಿ ಐಪಿಟೇಬಲ್ಸ್, ಐಪಿ6ಟೇಬಲ್ಸ್ ಎರಡನ್ನೂ ಎನ್‌ಎಫ್‌ಟಿ ಕಡೆ ತಿರುಗಿಸಿ. ಲಿಮಿಟ್ ಥರದ ಕೆಲವು ಮ್ಯಾಚ್‌ಗಳನ್ನ ಇದೇ ನೇರವಾಗಿ ಹೊಸ ಭಾಷೆಗೆ ತಿರುಗಿಸ್ಕೊಳತ್ತೆ, ಅಂದ್ರೆ ಆ 28-40ರ ಜಗಳ ಇಲ್ಲ. ತಿರುಗಿಸೋಕೆ ಬರದೇ ಇರೋದನ್ನ ಮಾತ್ರ ಹಳೇ ಫಾರ್ಮನ್ನೇ ಮಡಚಿ ಚೀಟಿ ಒಳಗಿಟ್ಟು ಕಳಿಸತ್ತೆ, ಅಂಥ ರೂಲಿಗೆ "ರೂಲ್ ಅಪೆಂಡ್ ಫೇಲ್ಡ್" ಅಂತ ಬಂದ್ರೆ ಆಶ್ಚರ್ಯ ಬೇಡ.

ಮುಖ್ಯವಾದ್ದು, ಹಳೇ ಲೆಗಸಿ ರೂಲು ಒಳಗೆ ಉಳಿದಿದ್ರೆ ಎರಡೂ ಒಟ್ಟಿಗೆ ಓಡ್ತವೆ. ಪ್ಯಾಕೆಟ್ಟು ಎರಡು ಚೆಕ್‌ಪೋಸ್ಟ್ ದಾಟಬೇಕು, ಒಂದರಲ್ಲಿ ಆಕ್ಸೆಪ್ಟ್ ಆದ್ರೂ ಇನ್ನೊಂದರಲ್ಲಿ ಡ್ರಾಪ್ ಆದ್ರೆ ಹೋಯ್ತು. "ಐಪಿಟೇಬಲ್ಸ್-ಲೆಗಸಿ ಟೇಬಲ್ಸ್ ಪ್ರೆಸೆಂಟ್" ಅಂತ ವಾರ್ನಿಂಗ್ ಬಂದ್ರೆ ಅದೇ ಅರ್ಥ. ಲೆಗಸಿ ಕಮಾಂಡಲ್ಲೇ ಪಾಲಿಸಿ ಆಕ್ಸೆಪ್ಟ್ ಮಾಡಿ, ಪ್ರತಿ ಟೇಬಲ್ಲಿಗೂ ಡ್ಯಾಶ್ ದೊಡ್ಡ ಎಫ್ ಕೊಟ್ಟು ಖಾಲಿ ಮಾಡಿ, ಇಲ್ಲಾ ಬೂಟಲ್ಲಿ ಅದು ಲೋಡ್ ಆಗದಂಗೆ ಮಾಡಿ ಒಂದು ರೀಬೂಟ್ ಹಾಕಿ.

ಪೂರ್ತಿ ಎನ್‌ಎಫ್‌ಟಿಗೇ ಹೋಗೋದಾದ್ರೆ ಐಪಿಟೇಬಲ್ಸ್-ರಿಸ್ಟೋರ್-ಟ್ರಾನ್ಸ್‌ಲೇಟ್ ಡ್ಯಾಶ್ ಎಫ್ ಕೊಟ್ಟು ಸೇವ್ ಫೈಲ್ ಹಾಕಿ, ಹೊಸ ಸಿಂಟ್ಯಾಕ್ಸಲ್ಲಿ ಔಟ್‌ಪುಟ್ ಬರತ್ತೆ. ಇಲ್ಲಿ ನಾನು ಎರಡನೇ ಸಲ ಬಿದ್ದೆ. ಅನುವಾದ ಆಗದೇ ಇದ್ದ ರೂಲುಗಳನ್ನ ಅದು ಎರರ್ ಅನ್ನಲ್ಲ, ಮುಂದೆ ಒಂದು ಹ್ಯಾಶ್ ಹಾಕಿ ಕಾಮೆಂಟ್ ಮಾಡಿ ಸುಮ್ನಾಗತ್ತೆ. ನನ್ನ ಎಸ್‌ಎಸ್‌ಎಚ್ ರಕ್ಷಣೆ ಪೂರ್ತಿ ರೀಸೆಂಟ್ ಮ್ಯಾಚ್ (ಇತ್ತೀಚೆಗೆ ಬಂದ ಅಡ್ರೆಸ್ ನೆನಪಿಟ್ಕೊಳ್ಳೋ ಷರತ್ತು) ಮೇಲೆ ನಿಂತಿತ್ತು, ಅದಕ್ಕೆ ಅನುವಾದ ಇಲ್ಲ, ಫೈಲ್ ಲೋಡ್ ಆಯ್ತು, ಎಲ್ಲಾ ಹಸಿರು, ಎರಡು ದಿನ ಬಿಟ್ಟು ಆತ್ ಲಾಗ್ ನೋಡಿದ್ರೆ ಪಾಸ್‌ವರ್ಡ್ ಊಹಿಸೋರ ಜಾತ್ರೆ. ಹಂಗಾಗಿ ಆ ಫೈಲಲ್ಲಿ ಹ್ಯಾಶ್‌ನಿಂದ ಶುರುವಾಗೋ ಸಾಲೆಲ್ಲಾ ಗ್ರೆಪ್ ಮಾಡಿ ಒಂದೊಂದಾಗಿ ಕೈಯಲ್ಲೇ ಬರೀರಿ. ರೀಸೆಂಟ್ ಬದಲಿಗೆ ಎನ್‌ಎಫ್‌ಟಿಯಲ್ಲಿ ಒಂದು ಸೆಟ್ ಮಾಡ್ಕೊಳ್ಳಿ: ಟೈಪ್ ಐಪಿವಿ4 ಅಡ್ರೆಸ್, ಫ್ಲ್ಯಾಗ್ಸ್ ಡೈನಮಿಕ್, ಟೈಮ್‌ಔಟ್ 60 ಸೆಕೆಂಡ್. ರೂಲಲ್ಲಿ ಪೋರ್ಟ್ 22ಕ್ಕೆ ಬರೋ ಹೊಸ ಕನೆಕ್ಷನ್‌ನ ಸೋರ್ಸ್ ಅಡ್ರೆಸ್ ಆ ಸೆಟ್‌ಗೆ ಅಪ್‌ಡೇಟ್ ಮಾಡ್ತಾ, ಲಿಮಿಟ್ ರೇಟ್ ಓವರ್ ನಿಮಿಷಕ್ಕೆ 4 ಆದ್ರೆ ಡ್ರಾಪ್ ಅನ್ನಿ. ಹಳೇ ಎರಡು ಸಾಲಿನ ಕೆಲಸ ಒಂದೇ ಸಾಲಲ್ಲಿ ಆಗತ್ತೆ, ಓದೋಕೂ ಚೆನ್ನಾಗಿದೆ.

ಲೋಡ್ ಮಾಡೋ ಮುಂಚೆ ಎನ್‌ಎಫ್‌ಟಿ ಡ್ಯಾಶ್ ಸಿ ಡ್ಯಾಶ್ ಎಫ್ ಹಾಕಿ ಬರೀ ಚೆಕ್ ಮಾಡಿ. ಫೈಲ್ ಮೇಲೆ ಮೊದಲ ಸಾಲು ಫ್ಲಶ್ ರೂಲ್‌ಸೆಟ್ ಅಂತ ಇರಬೇಕು, ಇಲ್ಲಾಂದ್ರೆ ಪ್ರತಿ ಸಲ ಲೋಡ್ ಮಾಡಿದಾಗ್ಲೂ ರೂಲು ಡಬಲ್ ಆಗ್ತಾ ಹೋಗ್ತವೆ. ಡಾಕರ್ ಇರೋ ಮೆಷಿನ್‌ನಲ್ಲಿ ಮಾತ್ರ ಆ ಸಾಲು ಹಾಕಬೇಡಿ, ಅದು ಮಾಡ್ಕೊಂಡಿರೋ ರೂಲೂ ಅಳಿಸಿ ಹೋಗತ್ತೆ, ನಿಮ್ಮ ಟೇಬಲ್ ಒಂದನ್ನ ಮಾತ್ರ ಫ್ಲಶ್ ಮಾಡಿ. ಹಂಗೇ ಲಿಸ್ಟ್ ರೂಲ್‌ಸೆಟ್ ಕೊಟ್ಟಾಗ ಯಾವುದಾದ್ರೂ ಟೇಬಲ್ ಮೇಲೆ "ಇದು ಐಪಿಟೇಬಲ್ಸ್-ಎನ್‌ಎಫ್‌ಟಿದು, ಮುಟ್ಟಬೇಡಿ" ಅನ್ನೋ ಅರ್ಥದ ವಾರ್ನಿಂಗ್ ಬಂದ್ರೆ ನಿಜವಾಗ್ಲೂ ಮುಟ್ಟಬೇಡಿ.

ರೂಲ್ ಲೋಡ್ ಆಗ್ಲಿಲ್ಲಾಂದ್ರೆ ನೆಟ್ಟೇ ಬೇಡ

ನಂಗೆ ಬುದ್ಧಿ ಬಂದಿದ್ದು ಇಲ್ಲಿ. ರೂಲು ಲೋಡ್ ಮಾಡೋದನ್ನ ಎಲ್ಲೋ ಆರ್‌ಸಿ ಡಾಟ್ ಲೋಕಲ್‌ನಲ್ಲಿ ಇಟ್ಟಿದ್ದೆ, ಅದು ಸೋತರೂ ನೆಟ್‌ವರ್ಕ್ ಎದ್ದೇಳ್ತಿತ್ತು. ಈಗ ಇಂಟರ್‌ಫೇಸಸ್ ಫೈಲಲ್ಲಿ ಹೊರಗಿನ ಕಾರ್ಡಿನ ಕೆಳಗೆ ಪ್ರೀ-ಅಪ್ ಅಂತ ಬರೆದು ಅಲ್ಲೇ ಎನ್‌ಎಫ್‌ಟಿ ಡ್ಯಾಶ್ ಎಫ್ ಇಟ್ಟಿದ್ದೀನಿ. ಪ್ರೀ-ಅಪ್ ಕಮಾಂಡ್ ಫೇಲ್ ಆದ್ರೆ ಐಎಫ್‌ಅಪ್ ಆ ಕಾರ್ಡನ್ನ ಮೇಲೆ ಎತ್ತೋದೇ ಇಲ್ಲ. ಭಾವ ಬೈತಾನೆ, ಬೈಲಿ, ಬಾಗಿಲು ತೆಗೆದಿರೋದಕ್ಕಿಂತ ವಾಸಿ. ನೆಟ್‌ಫಿಲ್ಟರ್-ಪರ್ಸಿಸ್ಟೆಂಟ್, ಎನ್‌ಎಫ್‌ಟೇಬಲ್ಸ್ ಸರ್ವಿಸ್, ನಿಮ್ಮ ಸ್ವಂತ ಸ್ಕ್ರಿಪ್ಟು, ಈ ಮೂರರಲ್ಲಿ ಒಂದೇ ಒಂದು ಎನೇಬಲ್ ಇರ್ಲಿ, ಮೂರೂ ಇದ್ರೆ ಯಾರು ಕೊನೇಲಿ ಬರೆದ್ರು ಅಂತ ಹುಡುಕೋದೇ ಕೆಲಸ ಆಗತ್ತೆ.

ರಾಸ್ಪ್‌ಬೆರಿ ಪೈ ಮತ್ತು ಕಂಟೇನರ್ ಇರೋರಿಗೆ

ಪೈ 4ರಲ್ಲಿ 32 ಬಿಟ್ ಓಎಸ್ ಹಾಕಿದ್ರೂ 2023ರಿಂದೀಚೆಗೆ ಅಪ್‌ಡೇಟ್ ಆದ್ಮೇಲೆ 64 ಬಿಟ್ ಕರ್ನಲ್ಲೇ ಬೂಟ್ ಆಗತ್ತೆ, ಯುನೇಮ್ ಆರ್ಚ್64 ಅನ್ನತ್ತೆ, ಡಿಪಿಕೆಜಿ ಆರ್ಮ್‌ಎಚ್‌ಎಫ್ ಅನ್ನತ್ತೆ. ತಾವಾಗಿ ಏನೂ ಮಾಡ್ದೇನೇ ಈ ಗೊಂದಲಕ್ಕೆ ಬಿದ್ದೋರು ಇವರು. ಕಾನ್ಫಿಗ್ ಡಾಟ್ ಟಿಎಕ್ಸ್‌ಟಿಯಲ್ಲಿ ಆರ್ಮ್ ಅಂಡರ್‌ಸ್ಕೋರ್ 64ಬಿಟ್ ಈಕ್ವಲ್ಸ್ 0 ಅಂತ ಹಾಕಿ ರೀಬೂಟ್ ಮಾಡಿದ್ರೆ 32ಕ್ಕೆ ವಾಪಸ್. ಪೈ 5ರಲ್ಲಿ ಆ ಆಟ ನಡಿಯಲ್ಲ, ಅಲ್ಲಿ ಕರ್ನಲ್ 64 ಮಾತ್ರ.

ಕಂಟೇನರ್ ಒಳಗೆ ಹಳೇ 32 ಬಿಟ್ ಇಮೇಜ್ ಇದ್ರೂ ಕಥೆ ಇದೇ, ಕರ್ನಲ್ ಹೋಸ್ಟ್‌ದು ತಾನೆ. ಹೋಸ್ಟ್ ಎನ್‌ಎಫ್‌ಟಿ, ಕಂಟೇನರ್ ಲೆಗಸಿ ಅಂತ ಆಗಿಲ್ವಾ ಎರಡೂ ಕಡೆ ದೊಡ್ಡ ವಿ ಹಾಕಿ ನೋಡಿ. ಕಂಟೇನರ್‌ಗಳಲ್ಲಿ ಜಾಸ್ತಿ ಬಳಸೋ ಪುಟ್ಟ ಲಿನಕ್ಸ್ ಆಲ್ಪೈನ್‌ನಲ್ಲಿ 3.19ರಿಂದ ಡೀಫಾಲ್ಟ್ ಎನ್‌ಎಫ್‌ಟಿ, ಅದಕ್ಕಿಂತ ಹಳೇ ಇಮೇಜಲ್ಲಿ ಲೆಗಸಿ.

ಕೊನೇಲಿ ಹೊರಗಿಂದ ತಟ್ಟಿ ನೋಡಿ

ಒಳಗೆ ಕೂತು ಲಿಸ್ಟ್ ನೋಡಿ ಸಮಾಧಾನ ಪಡಬೇಡಿ. ಮೊಬೈಲ್ ಡೇಟಾ ಆನ್ ಮಾಡಿ ಹಾಟ್‌ಸ್ಪಾಟಲ್ಲಿ ಲ್ಯಾಪ್‌ಟಾಪ್ ಹಾಕಿ, ಹೊರಗಿಂದ ನಿಮ್ಮದೇ ಐಪಿ ಮೇಲೆ ಎನ್‌ಮ್ಯಾಪ್ (ಯಾವ ಪೋರ್ಟ್ ತೆರೆದಿದೆ ಅಂತ ನೋಡೋ ಟೂಲು) ಓಡ್ಸಿ, ಐಪಿವಿ6 ಇದ್ರೆ ಡ್ಯಾಶ್ 6 ಹಾಕಿ ಇನ್ನೊಂದ್ಸಲ. ರೂಲ್‌ಗಳಲ್ಲಿ ಕೌಂಟರ್ ಇಟ್ಟು ಸಂಖ್ಯೆ ಏರ್ತಿದ್ಯಾ ನೋಡಿ. ಎಲ್ಲಾ ಸರಿ ಕಂಡ್ಮೇಲೆ ಒಂದು ರೀಬೂಟ್, ಮತ್ತೆ ಹೊರಗಿಂದ ಎನ್‌ಮ್ಯಾಪ್, ಅದೂ ಸರಿ ಇದ್ರೆ ಗ್ರಬ್-ಸೆಟ್-ಡೀಫಾಲ್ಟ್‌ನಲ್ಲಿ ಹೊಸ ಕರ್ನಲ್ ಖಾಯಂ ಮಾಡಿ. ಭಾವನ ಅಂಗಡೀಲಿ ನಾನು ಇದನ್ನ ಮುಗಿಸಿದ್ದು ಒಂದು ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸ್ಕೊಂಡು, ಹಳೇ ಕರ್ನಲ್ ಇನ್ನೂ ಡಿಸ್ಕಲ್ಲೇ ಇದೆ, ಮುಂದಿನ ಆಯುಧಪೂಜೆಗೆ ಡಬ್ಬಿ ಒರೆಸೋವಾಗ ತೆಗೀತೀನಿ.